ಮೊದಲು ಸರಪಳಿ, ಆಮೇಲೆ ನಕಾಶೆ

ಚಿತ್ರದುರ್ಗದಲ್ಲಿ ಒಂದು ಭಾನುವಾರ, ಆರಾಧನೆ ಮುಗಿದು ಊಟವಾದ ಮೇಲೆ, ಸತ್ಯವೇದ, ಅಂದರೆ ಬೈಬಲ್, ಓದುವವರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಎರಡೆರಡು ಸಲ ಹೇಳಿದ್ದನ್ನು ಒಂದಕ್ಕೆ ತಂದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಸಭೆಯ ಹಿರಿಯರೇ, ತಾಯಂದಿರೇ, ಸಂಡೇ ಸ್ಕೂಲಿನ ಮಕ್ಕಳೇ,

ಊಟವಾದ ಮೇಲಿನ ಉಪನ್ಯಾಸವನ್ನು ಅರ್ಧ ಜನ ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ. ಅದಕ್ಕಾಗಿಯೇ ಬಾಗಿಲಲ್ಲಿ ಒಬ್ಬೊಬ್ಬರ ಕೈಗೂ ಒಂದು ಪೆನ್ಸಿಲ್, ಒಂದು ಗೆರೆ ಹಾಕಿದ ಹಾಳೆ ಕೊಡಿಸಿದೆ. ಪೆನ್ಸಿಲ್ ಹಿಡಿದವರಿಗೆ ತೂಕಡಿಕೆ ಕಡಿಮೆ. ಬಂದರೂ ಪೆನ್ಸಿಲ್ ನೆಲಕ್ಕೆ ಬಿದ್ದ ಸದ್ದಿಗೆ ಪಕ್ಕದವರು ಎಬ್ಬಿಸುತ್ತಾರೆ.

ನಾನು ದೈವಶಾಸ್ತ್ರ ಓದಿದವನಲ್ಲ. ಸರ್ಕಾರಿ ಸರ್ವೇಯರ್ ಆಗಿ ಮೂವತ್ತೊಂದು ವರ್ಷ ಈ ಜಿಲ್ಲೆಯ ಹೊಲಗಳಲ್ಲಿ ಸರಪಳಿ ಎಳೆದವನು. ಹೊಸದುರ್ಗದ ಕೆಂಪು ನೆಲ, ಮೊಳಕಾಲ್ಮುರಿನ ಕಲ್ಲು ನೆಲ, ಎಲ್ಲವನ್ನೂ ಕಾಲಲ್ಲಿ ಅಳೆದಿದ್ದೇನೆ. ಸತ್ಯವೇದ ಓದುವಾಗ ಟಿಪ್ಪಣಿ ಬರೆದುಕೊಳ್ಳುವ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಪಾಸ್ಟರ್ ಕೇಳಿದಾಗ ಒಪ್ಪಿಕೊಂಡದ್ದು ಆ ಒಂದು ಪದದ ದೆಸೆಯಿಂದ. ಟಿಪ್ಪಣಿ ಎಂಬ ಪದವನ್ನು ನಾನು ಓದುಬರಹದವರಿಂದ ಕಲಿಯಲಿಲ್ಲ, ಹೊಲದಲ್ಲಿ ಕಲಿತೆ.

ಅಳತೆಯವರ ಬಾಯಲ್ಲಿ ಟಿಪ್ಪಣಿ ಎಂದರೆ ಹೊಲದಲ್ಲೇ ನಿಂತು ಬರೆದ ಅಳತೆಯ ದಾಖಲೆ. ಒಂದು ಸರ್ವೆ ನಂಬರಿನ ಆಕಾರ, ಒಂದೊಂದು ಬದಿಯ ಉದ್ದ, ಗಡಿ ಗುರುತಿಸುವ ಬಾಂದುಕಲ್ಲುಗಳಿರುವ ಜಾಗ, ಇಷ್ಟು ಅದರಲ್ಲಿರುತ್ತದೆ. ಹಳೆಯ ಟಿಪ್ಪಣಿಗಳಲ್ಲಿ ಲೆಕ್ಕ ಸರಪಳಿ ಮತ್ತು ಆಣೆಯದು. ಸರಪಳಿಗೆ 33 ಅಡಿ, ಅದರ ಹದಿನಾರನೆಯ ಒಂದು ಪಾಲು ಆಣೆ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಹಿಡಿದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲ ಯಾರಿಗೆ ಸಲ್ಲಬೇಕು, ಅಣ್ಣ ತಮ್ಮನಿಗೆ ಮೋಸ ಮಾಡಿದನೇ, ಬದು ಒತ್ತಿದವರು ಯಾರು, ಇದ್ಯಾವುದೂ ಟಿಪ್ಪಣಿಯಲ್ಲಿ ಬರುವಂತಿಲ್ಲ. ಅದನ್ನು ತೀರ್ಮಾನಿಸಲು ಬೇರೆಯವರಿದ್ದಾರೆ. ಸರಪಳಿ ಹೇಳಿದ್ದನ್ನು ಬರೆದು ಸರ್ವೇಯರ್ ಮನೆಗೆ ಹೋಗಬೇಕು.

ಈ ಪಾಠ ನನಗೆ ಅವಮಾನದಿಂದ ಬಂತು. ಕೆಲಸಕ್ಕೆ ಸೇರಿದ ಎರಡನೆಯ ಬೇಸಿಗೆ, ಹೊಳಲ್ಕೆರೆ ಕಡೆಯ ಒಂದು ಹಳ್ಳಿ. ಹೊಲದ ಮೂರು ಮೂಲೆಯ ಕಲ್ಲು ನೋಡಿದ್ದೆ. ನಾಲ್ಕನೆಯದು ಜಾಲಿ ಮೆಳೆಯ ಒಳಗಿರಬೇಕಾಗಿತ್ತು. ಹಳೆಯ ನಕಾಶೆಯಲ್ಲಿ ಅಲ್ಲಿ ಕಲ್ಲಿನ ಗುರುತಿತ್ತು, ಹೊಲದ ಯಜಮಾನನೂ ಇದೆ ಎಂದ, ನೆತ್ತಿಯ ಮೇಲೆ ಬಿಸಿಲು. "ಕಲ್ಲು ಇದೆ" ಎಂದು ಬರೆದುಬಿಟ್ಟೆ. ಹದಿನೈದು ದಿನದ ಮೇಲೆ ಮೇಲಧಿಕಾರಿ ತಪಾಸಣೆಗೆ ಬಂದು ನನ್ನನ್ನೇ ಮೆಳೆಯೊಳಗೆ ಕಳಿಸಿದರು. ಅಂಗಿ ಹರಿಯಿತು, ಕಲ್ಲು ಸಿಗಲಿಲ್ಲ. ಅವರು ಬೈಯಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನೀನು ಕಂಡದ್ದೋ, ನಂಬಿದ್ದೋ?" ಎಂದು ಮಾತ್ರ ಕೇಳಿದರು.

ಸತ್ಯವೇದವನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದ ನಮ್ಮಂಥವರಿಗೆ ಈ ಪ್ರಶ್ನೆ ಹೆಚ್ಚು ಚುಚ್ಚಬೇಕು. ನಮ್ಮ ತಲೆಯೊಳಗೆ ಹಳೆಯ ನಕಾಶೆಯೊಂದು ಆಗಲೇ ಇದೆ. ಪ್ರಸಂಗಗಳಿಂದ, ಹಾಡುಗಳಿಂದ, ಗೋಡೆಯ ಕ್ಯಾಲೆಂಡರಿನ ಚಿತ್ರಗಳಿಂದ ಆದ ನಕಾಶೆ. ವಾಕ್ಯಭಾಗ ತೆರೆದ ಕೂಡಲೇ ಆ ನಕಾಶೆಯನ್ನು ಓದುತ್ತೇವೆ, ಹೊಲಕ್ಕೆ ಇಳಿಯುವುದಿಲ್ಲ.

ಒಂದು ಕ್ರಿಸ್‌ಮಸ್ ನಾಟಕದ ಮಾತು ಹೇಳುತ್ತೇನೆ. ಮೂಡಣ ದೇಶದ ಜೋಯಿಸರ ಪಾತ್ರಕ್ಕೆ ಮೂರು ಹುಡುಗರು, ಮೂರು ಬಂಗಾರದ ಕಾಗದದ ಕಿರೀಟ. ನಾಲ್ಕನೆಯ ಹುಡುಗನೊಬ್ಬ ಪಾತ್ರ ಸಿಗದೆ ಅಳುತ್ತಾ ನಿಂತಿದ್ದ. ನಾನು ಮತ್ತಾಯನ ಸುವಾರ್ತೆಯ 2ನೆಯ ಅಧ್ಯಾಯ ತೆಗೆದು ನೋಡಿದೆ. ಜೋಯಿಸರು ಬಂದರು ಎಂದಿದೆ, ಎಷ್ಟು ಜನ ಎಂದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರು, ಅದನ್ನು ನಾವು ತಲೆಗೊಂದರಂತೆ ಹಂಚಿಕೊಂಡಿದ್ದೇವೆ. ಅವರು ಅರಸರು ಎಂದೂ ಅಲ್ಲಿಲ್ಲ. ಬಂದದ್ದು ಮನೆಗೆ ಎಂದಿದೆ, ಕೊಟ್ಟಿಗೆಗೆ ಎಂದಲ್ಲ. ನಾಲ್ಕನೆಯವನಿಗೂ ಒಂದು ಕಿರೀಟ ಕತ್ತರಿಸಿ ಕೊಟ್ಟೆ. ಕಿರೀಟವೂ ಅಲ್ಲಿಲ್ಲ ನಿಜ, ಆದರೆ ಅಳುವ ಹುಡುಗನಿಗೆ ಅದನ್ನು ಹೇಳಲಾಗುತ್ತದೆಯೇ? ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ವಾಕ್ಯಕ್ಕೆ ಸೇರಿಸುವುದು ಪಾಪ ಎಂದು ಎಚ್ಚರಿಸಿದರು. ಸೇರಿಸಿದವರು ಯಾರು ಎಂದು ಅವರ ವಯಸ್ಸಿಗೆ ಮರ್ಯಾದೆ ಕೊಟ್ಟು ಕೇಳಲಿಲ್ಲ.

ಇನ್ನು ಹಾಳೆಯ ವಿಚಾರ. ಪುಟದ ಮೂರನೆಯ ಎರಡು ಪಾಲು ಎಡಕ್ಕೆ ಬಿಟ್ಟು ಒಂದು ನಿಲುಗೆರೆ ಎಳೆಯಿರಿ. ಎಡಗಡೆ ಕಂಡದ್ದು. ಬಲಗಡೆ ಕೇಳಬೇಕಾದದ್ದು. ಹಾಳೆಯ ಬೆನ್ನಿಗೆ ತೋಚಿದ್ದು. ಸಾಲಿನ ಮೊದಲಿಗೆ ವಚನದ ಸಂಖ್ಯೆ ಬರೆಯಿರಿ. ಸರ್ವೆ ನಂಬರ್ ಇಲ್ಲದ ಟಿಪ್ಪಣಿ ಯಾವ ಹೊಲದ್ದೆಂದು ಬರೆದವನಿಗೇ ನಾಳೆ ಗೊತ್ತಾಗುವುದಿಲ್ಲ. ಇಷ್ಟೇ ಪದ್ಧತಿ. ಇದಕ್ಕಿಂತ ದೊಡ್ಡ ಪದ್ಧತಿಗಳಿವೆ, ಬಣ್ಣಬಣ್ಣದ ಪೆನ್ನುಗಳಿವೆ. ನನಗೆ ಆ ಹಳದಿ ಪೆನ್ನಿನ ಮೇಲೆ ಸ್ವಲ್ಪ ಸಿಟ್ಟು. ನಮ್ಮಲ್ಲಿ ಕೆಲವರ ಸತ್ಯವೇದ ತೆರೆದರೆ ಪುಟಕ್ಕೆ ಪುಟವೇ ಅರಿಶಿನ ಹಚ್ಚಿಕೊಂಡು ಕೂತಿರುತ್ತದೆ. ಹೊಲದ ತುಂಬಾ ಬಾಂದುಕಲ್ಲು ನೆಟ್ಟರೆ ಗಡಿ ಯಾವುದು?

ಈ ಅಧ್ಯಾಯ, ವಚನದ ಸಂಖ್ಯೆಗಳೂ ಸರ್ವೆ ನಂಬರಿನಂತೆ ಆಮೇಲೆ ಬಂದವು. ನಾವು ಇಂದು ಬಳಸುವ ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು, ಇಂಗ್ಲೆಂಡಿನ ಸ್ಟೀಫನ್ ಲ್ಯಾಂಗ್ಟನ್ ಎಂಬ ಧರ್ಮಾಧಿಕಾರಿಯ ಹೆಸರಿಗೆ ಸೇರಿದ್ದು. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಸಂಖ್ಯೆ ಹಾಕಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಮೊದಲು ಹೊಲ, ಆಮೇಲೆ ನಂಬರು. ಕೆಲವೆಡೆ ನಂಬರಿನ ಗೆರೆ ಹೊಲದ ನಡುವೆಯೇ ಹಾದುಹೋಗಿದೆ. ಆದಿಕಾಂಡದ ಮೊದಲ ಅಧ್ಯಾಯ ಆರನೆಯ ದಿನಕ್ಕೆ ಮುಗಿದು, ಏಳನೆಯ ದಿನ ಎರಡನೆಯ ಅಧ್ಯಾಯಕ್ಕೆ ಬಿದ್ದಿದೆ. ಹಾಗಾಗಿ ಓದಲು ಕುಳಿತಾಗ ಹಿಂದೆ ನಾಲ್ಕು ವಚನ, ಮುಂದೆ ನಾಲ್ಕು ವಚನ ನಡೆದು ನೋಡಿ.

ಈಗ ಹಾಳೆ ತೆಗೆಯಿರಿ. ಪ್ರವಾದಿ ಯೆರೆಮೀಯನ ಪುಸ್ತಕ, 32ನೆಯ ಅಧ್ಯಾಯ, 6ರಿಂದ 15. ಯಾಕೆ ಇದೇ ಎಂದರೆ, ಜಮೀನಿನ ಖರೀದಿಯನ್ನು ಇಷ್ಟು ಬಿಡಿಸಿ ಹೇಳಿದ ಜಾಗ ಸತ್ಯವೇದದಲ್ಲಿ ನನಗೆ ಬೇರೆ ಕಂಡಿಲ್ಲ. ಪಹಣಿ ನೋಡಿ ನೋಡಿ ಸವೆದ ಕಣ್ಣಿಗೆ ಇದು ಹಬ್ಬ.

ಮೊದಲು ಹಿಂದಿನ ವಚನಗಳು. ಯೆಹೂದದ ಅರಸ ಚಿದ್ಕೀಯನ ಹತ್ತನೆಯ ವರ್ಷ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಎಡಗಡೆ ಇಷ್ಟು ಬರೆಯಿರಿ: ಯಾವಾಗ, ಎಲ್ಲಿ, ಯಾವ ಸ್ಥಿತಿಯಲ್ಲಿ. "ಪಾಪ, ಎಷ್ಟು ಕಷ್ಟ" ಎಂದು ಬರೆಯಬೇಡಿ. ಅದು ಬೆನ್ನಿನ ಪುಟಕ್ಕೆ.

ಹೊಲ ಕೊಳ್ಳುವವನು ಯೆರೆಮೀಯ. ಮಾರುವವನು ಹನಮೇಲ, ಶಲ್ಲೂಮನ ಮಗ. ಶಲ್ಲೂಮ ಯೆರೆಮೀಯನ ತಂದೆಯ ಸಹೋದರ. ಇಲ್ಲಿ ಕನ್ನಡದವರಿಗೆ ಒಂದು ತೊಡಕು ಬರುತ್ತದೆ. ನಮ್ಮಲ್ಲಿ ಅಪ್ಪನ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ಮೂಲ ಹೀಬ್ರೂವಿನ ಪದದಲ್ಲಿ ಹಿರಿಯ ಕಿರಿಯ ಎಂಬ ಭೇದ ಇಲ್ಲ. ನಿಮ್ಮ ಪ್ರತಿಯಲ್ಲಿ ಯಾವ ಪದವಿದೆಯೋ ಅದನ್ನೇ ಎಡಗಡೆ ಬರೆದು, ಬಲಗಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಎರಡು ಅನುವಾದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಇಂಥವು ತಾನಾಗಿ ಕಣ್ಣಿಗೆ ಬೀಳುತ್ತವೆ. ಅನುವಾದದ ಮಾತು ಬಂತಾದ್ದರಿಂದ ಹೇಳುತ್ತೇನೆ, ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ, ಇಲ್ಲಿಂದ ದೂರವಲ್ಲದ ಬಳ್ಳಾರಿಯಲ್ಲಿದ್ದ ಮಿಷನರಿಗಳ ದುಡಿಮೆಯಿಂದ. ಆ ಮೇಜಿನ ಮೇಲೂ ಈ ದೊಡ್ಡಪ್ಪ ಚಿಕ್ಕಪ್ಪನ ಚರ್ಚೆ ನಡೆದಿರಬಹುದು. ನೋಡಿ, ಈಗ ನಾನು ಹೇಳಿದ್ದು ಬೆನ್ನಿನ ಪುಟದ ಮಾತು.

ಹೊಲ ಇರುವುದು ಅನಾತೋತಿನಲ್ಲಿ, ಬೆನ್ಯಾಮೀನರ ಸೀಮೆಯಲ್ಲಿ. ಈ ಪುಸ್ತಕದ ಮೊದಲ ವಚನಕ್ಕೆ ಹೋದರೆ ಯೆರೆಮೀಯ ಆ ಊರಿನವನೇ. ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎಂದು ಹನಮೇಲ ಹೇಳುತ್ತಾನೆ, ಅಂದರೆ ಹೊರಗಿನವರಿಗೆ ಹೋಗುವ ಮೊದಲು ದಾಯಾದಿಗೆ ಕೊಳ್ಳುವ ಹಕ್ಕು. ಬೆಲೆ 17 ಶೆಕೆಲ್ ಬೆಳ್ಳಿ. ಶೆಕೆಲ್ ಎಂದರೆ ತೂಕ, ಸುಮಾರು 11 ಗ್ರಾಂ. ಎಲ್ಲ ಸೇರಿದರೂ 200 ಗ್ರಾಮಿಗೆ ಸ್ವಲ್ಪ ಕಡಿಮೆ. ಅದನ್ನು ತೂಗಿದ ಮಾತು 9ನೆಯ ವಚನದಲ್ಲೂ ಇದೆ, 10ರಲ್ಲೂ ಇದೆ. ಎರಡು ಸಲ ಬಂದದ್ದಕ್ಕೆ ಗೆರೆ ಎಳೆಯಿರಿ. ಪತ್ರಕ್ಕೆ ಸಹಿ, ಮುದ್ರೆ, ಸಾಕ್ಷಿಗಳು. ಪತ್ರ ಎರಡು ಪ್ರತಿ: ಒಂದು ಮುಚ್ಚಿ ಮುದ್ರೆ ಹಾಕಿದ್ದು, ಇನ್ನೊಂದು ತೆರೆದದ್ದು. ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವರು ಇಲ್ಲಿ ತಲೆದೂಗುತ್ತಾರೆ. ಪತ್ರವನ್ನು ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟದ್ದು ಹನಮೇಲನ ಎದುರಿಗೆ, ಸಹಿ ಹಾಕಿದ ಸಾಕ್ಷಿಗಳ ಎದುರಿಗೆ, ಅಂಗಳದಲ್ಲಿ ಕುಳಿತಿದ್ದ ಯೆಹೂದ್ಯರೆಲ್ಲರ ಎದುರಿಗೆ. ಬಾರೂಕನಿಗೆ ಅಪ್ಪನ ಹೆಸರು ಹೇಳಿದೆ, ಅಜ್ಜನ ಹೆಸರೂ ಹೇಳಿದೆ. ಸಾಕ್ಷಿಗಳ ಹೆಸರು ಒಂದೂ ಇಲ್ಲ.

ಇಲ್ಲದ್ದನ್ನೂ ಬರೆಯಬೇಕು, ಅದೂ ಕಂಡದ್ದೇ. ನನ್ನ ಕಣ್ಣಿಗೆ ಮೊದಲು ಬಿದ್ದ ಇಲ್ಲದ್ದು ಎಂದರೆ ಹೊಲದ ವಿಸ್ತೀರ್ಣ. ಎಷ್ಟು ಉದ್ದ, ಎಷ್ಟು ಅಗಲ, ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ದಾರಿ, ಚಕ್ಕುಬಂದಿಯ ಸುದ್ದಿಯೇ ಇಲ್ಲ. ಆದಿಕಾಂಡ 23ರಲ್ಲಿ ಅಬ್ರಹಾಮನು ಮಕ್ಪೇಲದ ಹೊಲ ಕೊಂಡಾಗ 400 ಶೆಕೆಲ್ ಬೆಲೆಯ ಜೊತೆಗೆ, ಹೊಲ, ಅದರಲ್ಲಿರುವ ಗವಿ, ಸುತ್ತಲಿನ ಮೇರೆಯೊಳಗಿನ ಎಲ್ಲ ಮರಗಳು ಎಂದು ನಮ್ಮ ಖರೀದಿ ಪತ್ರದಂತೆಯೇ ವಿವರ ಇದೆ. ಇಲ್ಲಿ ಪತ್ರದ ವಿಚಾರ ಇಷ್ಟುದ್ದ, ಹೊಲದ ವಿಚಾರ ಊರಿನ ಹೆಸರು ಮಾತ್ರ. ಯೆರೆಮೀಯ ಆ ಹೊಲಕ್ಕೆ ಹೋಗಿ ನೋಡಿದ ಎಂದೂ ಇಲ್ಲ. ಹೋಗುವುದಾದರೂ ಹೇಗೆ, ಸೆರೆಯಲ್ಲಿದ್ದಾನೆ.

ಇನ್ನೊಂದು ಸೂಕ್ಷ್ಮ. "ಆ ಹೊಲ ಆಗಲೇ ಶತ್ರುಗಳ ಕೈ ಸೇರಿತ್ತು, ಆದರೂ ಪ್ರವಾದಿ ಕೊಂಡ" ಎಂದು ಪ್ರಸಂಗಗಳಲ್ಲಿ ಕೇಳಿದ್ದೇವೆ. ಹಾಗೇ ಇದ್ದಿರಬಹುದು. ಅನಾತೋತ್ ಯೆರೂಸಲೇಮಿಗೆ ನಡೆದು ಹೋಗುವಷ್ಟು ಹತ್ತಿರ, ಮುತ್ತಿಗೆ ಹಾಕಿದ ಸೈನ್ಯ ಸುತ್ತಲೂ ಬೀಡುಬಿಟ್ಟಿರುತ್ತದೆ. ಆದರೆ ಈ ಹತ್ತು ವಚನಗಳಲ್ಲಿ ಆ ಮಾತಿಲ್ಲ. ಅದು ಜಾಲಿ ಮೆಳೆಯೊಳಗಿನ ಕಲ್ಲು. "ಇರಬೇಕು, ಕಾರಣ 2ನೆಯ ವಚನ" ಎಂದು ಬಲಗಡೆ ಬರೆಯಿರಿ. ಊಹೆ ಮಾಡುವುದು ತಪ್ಪಲ್ಲ. ಊಹೆಯನ್ನು ಎಡಗಡೆ ಬರೆದುಬಿಟ್ಟರೆ, ಹತ್ತು ವರ್ಷದ ಮೇಲೆ ನಿಮ್ಮ ಹಾಳೆ ನೋಡಿದ ಮೊಮ್ಮಗ ಅದನ್ನು ವಚನವೆಂದೇ ತಿಳಿಯುತ್ತಾನೆ.

15ರ ನಂತರವೂ ನಾಲ್ಕು ಹೆಜ್ಜೆ ನಡೆಯಿರಿ ಎಂದೆನಲ್ಲ. 16ನೆಯ ವಚನದಲ್ಲಿ, ಪತ್ರ ಕೊಟ್ಟಾದ ಮೇಲೆ, ಯೆರೆಮೀಯ ಪ್ರಾರ್ಥನೆಗೆ ತೊಡಗುತ್ತಾನೆ. ಮಣ್ಣಿನ ದಿಬ್ಬಗಳು ಪಟ್ಟಣದ ಗೋಡೆಗೆ ತಾಗಿವೆ, ಪಟ್ಟಣ ಹೋದ ಹಾಗೆಯೇ, ನೀನು ನೋಡಿದರೆ ಹಣ ಕೊಟ್ಟು ಹೊಲ ಕೊಂಡುಕೋ ಅನ್ನುತ್ತೀ ಎಂಬ ಗೊಂದಲ 24, 25ನೆಯ ವಚನಗಳಲ್ಲಿ ಹೊರಗೆ ಬರುತ್ತದೆ. ಕ್ರಮವನ್ನು ಎಡಗಡೆ ಬರೆದು ನೋಡಿ. ಮೊದಲು ಖರೀದಿ, ಸಹಿ, ಸಾಕ್ಷಿ, ಪತ್ರ ಇಡಲು ಮಣ್ಣಿನ ಗಡಿಗೆ. ಆಮೇಲೆ ಇದೇನು ಮಾಡಿಸಿದೆ ಎಂಬ ಪ್ರಶ್ನೆ. ನಾನು ಈ ಅಧ್ಯಾಯವನ್ನು ಇಪ್ಪತ್ತು ಸಲವಾದರೂ ಓದಿದ್ದೆ, ಒಂದರ ಕೆಳಗೊಂದು ಬರೆಯುವ ತನಕ ಈ ಹಿಂದುಮುಂದು ನನಗೆ ಕಂಡಿರಲಿಲ್ಲ. ಕಂಡ ದಿನ ಬೆನ್ನಿನ ಪುಟದಲ್ಲಿ ತುಂಬಾ ಬರೆದೆ. ಅದು ನನ್ನದು, ಇಲ್ಲಿ ಓದುವುದಿಲ್ಲ.

ಕಥೆಯಲ್ಲಿ ಹೀಗೆ. ಪತ್ರಿಕೆಗಳಲ್ಲಿ, ಅಂದರೆ ಪೌಲನ ಪತ್ರಗಳಂಥವುಗಳಲ್ಲಿ, ಜನ, ಜಾಗ ಕಡಿಮೆ. ಅಲ್ಲಿ "ಆದ್ದರಿಂದ", "ಯಾಕಂದರೆ", "ಆದರೆ" ಎಂಬ ಕೊಂಡಿಗಳಿಗೆ ಸುತ್ತು ಹಾಕಿದರೆ ಸಾಕು. ಕೀರ್ತನೆಗಳಲ್ಲಿ ಯಾರು ಯಾರಿಗೆ ಮಾತಾಡುತ್ತಿದ್ದಾರೆ, ಅದು ಎಲ್ಲಿ ಬದಲಾಯಿತು ಎಂದು ನೋಡಿ.

ಮತ್ತೆ ಮತ್ತೆ ಬರುವ ಮಾತು ದೂರದಲ್ಲೂ ಇರಬಹುದು. ಮಾರ್ಕನ 10ನೆಯ ಅಧ್ಯಾಯದ ಕೊನೆಯಲ್ಲಿ ಕುರುಡ ಬಾರ್ತಿಮಾಯನನ್ನು ಯೇಸು ಕೇಳುತ್ತಾನೆ, ನಾನು ನಿನಗೆ ಏನು ಮಾಡಬೇಕು ಎಂದು. ಹದಿನೈದೇ ವಚನ ಹಿಂದೆ, ಪಕ್ಕದ ಆಸನಗಳನ್ನು ಬೇಡಲು ಬಂದ ಶಿಷ್ಯರಾದ ಯಾಕೋಬ ಯೋಹಾನರನ್ನೂ ಇದೇ ಪ್ರಶ್ನೆ ಕೇಳಿದ್ದ. ಒಬ್ಬ ಕಣ್ಣು ಕೇಳಿದ, ಇಬ್ಬರು ಕುರ್ಚಿ ಕೇಳಿದರು. ಬಾರ್ತಿಮಾಯ ಕಥೆಯ ಮೊದಲಿಗೆ ದಾರಿಯ ಪಕ್ಕ ಕುಳಿತಿದ್ದಾನೆ, ಕೊನೆಗೆ ದಾರಿಯಲ್ಲಿ ಹಿಂದೆ ನಡೆಯುತ್ತಿದ್ದಾನೆ. ಇದೇ ಘಟನೆಗೆ ಮತ್ತಾಯನಲ್ಲಿ ಇಬ್ಬರು ಕುರುಡರಿದ್ದಾರೆ. ಮಾರ್ಕನಲ್ಲಿ ಯೆರಿಕೋವಿನಿಂದ ಹೊರಡುವಾಗ, ಲೂಕನಲ್ಲಿ ಯೆರಿಕೋವಿಗೆ ಬರುವಾಗ. ಇದನ್ನು ಸರಿಮಾಡಲು ಅವಸರ ಬೇಡ. ಒಂದೇ ಬದುವಿನ ಎರಡು ಅಳತೆ ಎರಡು ಬಂದರೆ ಎರಡನ್ನೂ ಬರೆಯಬೇಕು. ತಾಳೆ ಆಗಲೆಂದು ಒಂದನ್ನು ತಿದ್ದಿದವನು ಒಳ್ಳೆಯ ಸರ್ವೇಯರ್ ಆಗಲಾರ.

ನಮ್ಮ ನೆಲದಲ್ಲೇ ಈ ಶಿಸ್ತನ್ನು ಕಲಿಸುವ ಇನ್ನೊಂದು ಕಸುಬು ಇದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ಶಾಸನತಜ್ಞ ಬಿ. ಎಲ್. ರೈಸ್ ಅವರಿಗೆ ಸಿಕ್ಕಿದ್ದು 1892ರಲ್ಲಿ. ಶಾಸನ ಓದುವವರು ಬಂಡೆಯ ಮೇಲೆ ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರ ಅಳಿಸಿಹೋದ ಕಡೆ ಚುಕ್ಕಿ ಇಡುತ್ತಾರೆ, ತಮಗೆ ತೋಚಿದ್ದನ್ನು ಕಂಸದೊಳಗೆ ಹಾಕುತ್ತಾರೆ. ನನ್ನ ಎಡ ಬಲ ಕಾಲಮ್ಮು ಅದೇ. ಬ್ರಹ್ಮಗಿರಿಯ ಕಲ್ಲಿನ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಲಿಪಿಕಾರ ಎಂಬ ಪದವನ್ನು ಮಾತ್ರ ಅವನು ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಬಾರೂಕ ನೆನಪಾಗುತ್ತಾನೆ. ಯೆರೆಮೀಯ 36ರಲ್ಲಿ ಅಧಿಕಾರಿಗಳು, ಇಷ್ಟೆಲ್ಲ ಹೇಗೆ ಬರೆದೆ ಎಂದು ಕೇಳಿದಾಗ ಬಾರೂಕನ ಉತ್ತರ ಸಣ್ಣದು: ಅವನು ಹೇಳಿದ, ನಾನು ಮಸಿಯಿಂದ ಬರೆದೆ.

ಬಲಗಡೆಯ ಪ್ರಶ್ನೆಗಳು ಕೆಲವೊಮ್ಮೆ ಮನೆಯ ಹಿತ್ತಲಿಗೇ ತಂದು ಬಿಡುತ್ತವೆ. ಮಾರ್ಕನ 12ನೆಯ ಅಧ್ಯಾಯದಲ್ಲಿ ಕೈಸರನಿಗೆ, ಅಂದರೆ ರೋಮನ್ ಚಕ್ರವರ್ತಿಗೆ, ತೆರಿಗೆ ಕೊಡಬಹುದೋ ಬಾರದೋ ಎಂದು ಕೇಳಿ ಸಿಕ್ಕಿಸಲು ಬಂದವರಿಗೆ ಯೇಸು ಒಂದು ನಾಣ್ಯ ತನ್ನಿ ಎನ್ನುತ್ತಾನೆ. ಎಡಗಡೆ ಬರೆದೆ: ನಾಣ್ಯ ಅವನ ಕೈಯಲ್ಲಿರಲಿಲ್ಲ, ಕೇಳಿದವರೇ ತಂದರು. ಕೇಳಿದ್ದು ಎರಡು ಸಂಗತಿ, ಯಾರ ಮುಖ, ಯಾರ ಬರಹ. ಬಲಗಡೆ ಬರೆದೆ: ಆ ನಾಣ್ಯದ ಮೇಲೆ ಏನು ಬರೆದಿತ್ತು? ಲೂಕ 3ರ ಪ್ರಕಾರ ಆ ಕಾಲದ ಚಕ್ರವರ್ತಿ ತಿಬೇರಿಯ. ಹುಡುಕುತ್ತಾ ಹೋದರೆ, ತಿಬೇರಿಯನ ಬೆಳ್ಳಿ ನಾಣ್ಯದ ಮೇಲಿನ ಬರಹಕ್ಕೆ, ದೇವನಾದ ಅಗಸ್ಟಸನ ಮಗ ತಿಬೇರಿಯ ಕೈಸರ ಎಂಬ ಅರ್ಥವಂತೆ. ಯಾರ ಬರಹ ಎಂಬ ಪ್ರಶ್ನೆಯ ತೂಕ ಆಗ ತಿಳಿಯಿತು. ಇನ್ನೂ ಆಶ್ಚರ್ಯ ಏನೆಂದರೆ, ಅಗಸ್ಟಸ್ ಮತ್ತು ತಿಬೇರಿಯನ ಬೆಳ್ಳಿ ನಾಣ್ಯಗಳು ನಮ್ಮ ಚಂದ್ರವಳ್ಳಿಯ ಉತ್ಖನನದಲ್ಲೇ ಸಿಕ್ಕಿವೆ, ಈ ಸಭಾಂಗಣದಿಂದ ಸಂಜೆಯ ವಾಕಿಂಗ್‌ಗೆ ಹೋಗುವಷ್ಟು ಹತ್ತಿರದಲ್ಲಿ. ಯೇಸು ಹಿಡಿದದ್ದು ಅದೇ ಬಗೆಯ ನಾಣ್ಯ ಎಂದು ಎಡಗಡೆ ಬರೆಯಲು ಕೈ ತುರಿಸುತ್ತದೆ. ಬರೆಯುವಂತಿಲ್ಲ.

ಇದೆಲ್ಲ ಕಚೇರಿಯ ಲೆಕ್ಕವಾಯಿತು, ದೇವರ ವಾಕ್ಯ ಹೃದಯಕ್ಕೆ ತಾನೇ ಎಂದು ಕೆಲವರ ಮುಖದಲ್ಲಿ ಕಾಣುತ್ತಿದೆ. ನಮ್ಮ ತಾಯಿಯ ಮಾತು ಹೇಳುತ್ತೇನೆ. ಅವಳಿಗೆ ಓದು ಬರುತ್ತಿರಲಿಲ್ಲ. ಹಿರಿಯೂರು ಕಡೆಯ ಹಳ್ಳಿ, ಮಣ್ಣಿನ ಮಾಳಿಗೆ ಮನೆ, ಬೆಳಕಿಂಡಿಯೊಂದು ಬಿಟ್ಟರೆ ಒಳಗೆ ಹಗಲಿಗೂ ಕತ್ತಲೆ. ಒಂದು ಸಂಜೆ ಲೂಕನ 15ನೆಯ ಅಧ್ಯಾಯ ಓದಿ ಹೇಳುತ್ತಿದ್ದೆ. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಕ್ಕುವ ತನಕ ಹುಡುಕುವ ಕಥೆ. ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ದೀಪ ಯಾಕೆ ಹಚ್ಚಿದಳಪ್ಪಾ? ರಾತ್ರಿಯಾಗಿತ್ತೇ?"

"ಗೊತ್ತಿಲ್ಲಮ್ಮ. ಇಲ್ಲಿ ಬರೆದಿಲ್ಲ."

"ಹಗಲೇ ಇರಬೇಕು. ದೀಪ ಹಚ್ಚಿದ ಮೇಲೆ ರಾತ್ರಿ ಹೊತ್ತು ಯಾರಾದರೂ ಕಸ ಗುಡಿಸುತ್ತಾರೆಯೇ? ನಮ್ಮಂಥದ್ದೇ ಕತ್ತಲೆ ಮನೆ ಅವಳದು."

ಒಂದೇ ಮಾತಿನಲ್ಲಿ ಮೂರೂ ಇವೆ. ದೀಪ, ಪೊರಕೆ, ಅವಳು ಕಂಡದ್ದು. ಹಗಲೋ ರಾತ್ರಿಯೋ ಎಂಬುದು ಕೇಳಬೇಕಾದದ್ದು. ರಾತ್ರಿ ಗುಡಿಸಬಾರದು ಎಂಬ ನಮ್ಮ ಊರಿನ ಪದ್ಧತಿಯನ್ನು ಆ ಹೆಂಗಸಿನ ಮನೆಗೆ ಒಯ್ದದ್ದು ತೋಚಿದ್ದು. ಆ ಮೂರನೆಯದನ್ನು ನಾನು ಬೇರೆ ಮಾಡಿ ಇಡುತ್ತೇನೆ, ಆದರೆ ಎಸೆಯುವುದಿಲ್ಲ. ಅಲ್ಲಿಯತನಕ ಆ ದೀಪವನ್ನು ನಾನು ಓದಿಯೂ ನೋಡಿರಲಿಲ್ಲ. ಕಳೆದುಹೋದದ್ದು ಕತ್ತಲೆಯ ಮನೆಯಲ್ಲಿ ಎಂಬುದು ಅಮ್ಮನಿಗೆ ಕಂಡದ್ದು ಹೃದಯದಿಂದಲೋ ಕಣ್ಣಿಂದಲೋ ನನಗೆ ಹೇಳಲು ಬರುವುದಿಲ್ಲ.

ಇನ್ನು ಪ್ರಶ್ನೆಗಳು. ಸಂಡೇ ಸ್ಕೂಲಿನ ಯುವ ಶಿಕ್ಷಕರೊಬ್ಬರು, ಮೊಬೈಲಿನಲ್ಲಿ ವಚನ ಒತ್ತಿದರೆ ವ್ಯಾಖ್ಯಾನ ಬರುತ್ತದೆ, ಇಷ್ಟು ಕಷ್ಟಪಟ್ಟು ಬರೆಯುವುದೇಕೆ ಎಂದು ಕೇಳಿದರು. ವ್ಯಾಖ್ಯಾನ ನೋಡಿ, ನಾನೂ ನೋಡುತ್ತೇನೆ. ಹಾಳೆಯ ಎಡಗಡೆ ತುಂಬಿದ ಮೇಲೆ ನೋಡಿ. ಮೊದಲೇ ನೋಡಿದರೆ ನಿಮ್ಮ ಕಣ್ಣು ಅವರು ತೋರಿಸಿದ ಕಲ್ಲುಗಳನ್ನಷ್ಟೇ ಎಣಿಸುತ್ತದೆ. ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಸರಪಳಿ ಹೋಗಿ ಯಂತ್ರ ಬಂತು, ಅಳತೆ ಚುರುಕಾಯಿತು, ನನಗೆ ಸಂತೋಷವೇ. ಆದರೂ ಯಂತ್ರ ಹೊತ್ತುಕೊಂಡು ಹೊಲಕ್ಕೆ ಇಳಿಯಲೇಬೇಕಾಗಿತ್ತು.

ಎರಡನೆಯ ಪ್ರಶ್ನೆ ಒಬ್ಬ ಹುಡುಗಿಯದು, ಏಳನೆಯ ತರಗತಿ ಇರಬಹುದು. ಅಷ್ಟು ಹೊತ್ತೂ ತಲೆ ತಗ್ಗಿಸಿ ಬರೆಯುತ್ತಿದ್ದಳು. ಎದ್ದು ನಿಂತು, "ತಾತಾ, 14ನೆಯ ವಚನದಲ್ಲಿ ಪತ್ರಗಳನ್ನು ಮಣ್ಣಿನ ಗಡಿಗೆಯಲ್ಲಿ ಇಡು ಎಂದಿದೆ. ಆ ಗಡಿಗೆಯನ್ನು ಎಲ್ಲಿ ಇಟ್ಟರು?" ಎಂದು ಕೇಳಿದಳು.

ಗಡಿಗೆ ಯಾಕೆ ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿತ್ತು. ಬಹುಕಾಲ ಉಳಿಯಲಿ ಎಂದು ವಚನದಲ್ಲೇ ಇದೆ. ಉಳಿಯುತ್ತದೆ ಕೂಡ: ಮೃತ ಸಮುದ್ರದ ದಂಡೆಯ ಕುಮ್ರಾನಿನ ಗವಿಯೊಂದರಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಸುರುಳಿಗಳು ಮಣ್ಣಿನ ಗಡಿಗೆಗಳಲ್ಲಿ ಸಿಕ್ಕಿದ್ದು 1947ರ ಸುಮಾರಿಗೆ, ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನಮ್ಮ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆಸುತ್ತಿದ್ದ ಕಾಲಕ್ಕೇ. ಇದನ್ನು ಹೇಳಲು ಸಿದ್ಧನಾಗಿ ಬಂದಿದ್ದೆ. ಅವಳು ಕೇಳಿದ್ದು ಎಲ್ಲಿ ಎಂದು. ಅಂಗಳದಲ್ಲಿ ಹೂತರೋ, ಬಾರೂಕ ಮನೆಗೆ ಒಯ್ದನೋ, ಅನಾತೋತಿಗೆ ಕಳಿಸಿದರೋ, ಆ ಪಟ್ಟಣ ಸುಟ್ಟುಹೋದ ದಿನ ಅದು ಯಾರ ಕೈಯಲ್ಲಿತ್ತೋ. ಎಲ್ಲರೂ ಪುಟ ತಿರುವಿದೆವು. ಪಾಸ್ಟರ್ ಕೂಡ ತಿರುವಿದರು.

ಮನೆಗೆ ಬಂದು ನನ್ನ ಹಾಳೆಯ ಬಲಗಡೆ, 14ರ ಎದುರಿಗೆ, ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದುಕೊಂಡೆ. ಎಡಗಡೆ ಅದಕ್ಕೆ ಬರೆಯುವಂಥದ್ದು ಇನ್ನೂ ಸಿಕ್ಕಿಲ್ಲ.